ಮಾತ್ರೆ ತುಂಬೈತೆ

ಚನ್ನಗಿರಿ
೧೨ ಜೂನ್ ೨೦೨೪

ಕಸ್ತೂರತ್ತೆಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ಏಕೆಂದರೆ ಹೋದ ವಾರ ಹೊನ್ನಾಳಿಯ ಡಾಕ್ಟರ ಎದುರು ನೀನು ಕೂತಿದ್ದಾಗ ಕುರ್ಚಿಯ ಪಕ್ಕದಲ್ಲೇ ನಾನು ನಿಂತಿದ್ದೆ. “ಈ ಬಿಪಿ ಮಾತ್ರೆ ಒಂದು ದಿನಾನೂ ತಪ್ಪಂಗಿಲ್ಲ ಕಣಮ್ಮ” ಎಂದು ಅವರು ಹೇಳುವಾಗ ನೀನು ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬ ಹುಡುಕುತ್ತಿದ್ದೆ. ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ “ದುಡ್ಡು ಏರ್ತೈತೆ, ಇಡೋ” ಎನ್ನುತ್ತೀಯ. ಈಗ ಮಾತಾಡಿದಷ್ಟಕ್ಕೆಲ್ಲ ದುಡ್ಡಿಲ್ಲ ಅತ್ತೆ ಎಂದು ಹೇಳಿ ಹೇಳಿ ನನಗೇ ಬಾಯಿ ನೋವು ಬಂದಿದೆ.

ನನ್ನ ಪ್ರಿಂಟಿಂಗ್ ಅಂಗಡಿಗೆ ಬೆಂಗಳೂರಿನ ಕಂಪನಿಯೊಂದರಿಂದ ಪ್ರದೀಪ್ ಎಂಬಾತ ಬಂದಿದ್ದ. ಕರಪತ್ರ ಮಾಡಿಸಲು ಬಂದವನು ಗೋಡೆಗೆ ಅಂಟಿಸಿದ್ದ ಲಗ್ನಪತ್ರಿಕೆಗಳನ್ನು ಓದುತ್ತ ನಿಂತುಬಿಟ್ಟ. “ಬಂದು ಹರಸಿ, ಉಂಡು ಸುಖಿಸಿ. ಇದೆಲ್ಲ ಬರೆದಿದ್ದು ಯಾರು ಸರ್?” ಎಂದ. ತಪ್ಪೊಪ್ಪಿಕೊಂಡೆ.

ಅವರದೊಂದು ಹೊಸ ಏರ್ಪಾಡು. ವಯಸ್ಸಾದವರಿಗೆ ವಾರಕ್ಕೊಮ್ಮೆ ಫೋನೇ ತಾನಾಗಿ ಕರೆ ಮಾಡಿ ಮಾತ್ರೆ ಇದೆಯೇ ಎಂದು ಕೇಳುತ್ತದೆ. ಇಲ್ಲವೆಂದರೆ ಅವರ ಕಡೆಯವರು ಮನೆಗೇ ತಂದು ಕೊಡುತ್ತಾರೆ. ಆದರೆ ಅದು ಕಲಿತ ಕನ್ನಡ ಕೇಳು: “ನಿಮ್ಮ ಔಷಧ ದಾಸ್ತಾನು ಸಮರ್ಪಕವಾಗಿದೆಯೇ? ದೃಢೀಕರಿಸಿ.” ಗೋದಾಮು ತಪಾಸಣೆಗೆ ಬಂದರೇನೋ ಎಂದು ನಾನು ಎದ್ದು ನಿಂತೆ. ಪ್ರದೀಪ್ ಒಳ್ಳೆಯವನು. “ನಾವು ಅಲ್ಲಿ ಕೂತು ಮಾಡಿದ್ದು ನಿಮ್ಮೂರಿಗೆ ಒಗ್ಗಲ್ಲ ಸರ್. ನಿಮ್ಮ ಜನರ ಜೊತೆಗೇ ಕೂತು ಮಾಡಬೇಕು” ಎಂದ. ನಾನು ಕೂತೆ. ಅದಕ್ಕೆ ‘ಮಾತ್ರೆಮಿತ್ರ’ ಎಂದು ಹೆಸರಿಟ್ಟೆ. ಮೊದಲ ಸಾಲು: “ಬೆಳಿಗ್ಗೆ ಒಂದು ಗುಳಿಗೆ, ನೆಮ್ಮದಿ ಇರುಳಿಗೆ.”

ನಿನ್ನ ಹೆಸರು ಸೇರಿಸಲೇ? ಬೇಡ ಎಂದರೂ ಸೇರಿಸುತ್ತೇನೆ.

ಪ್ರಾಸ ಬಿಡದ, ಪ್ರಯಾಸ ಬಿಡದ
ರೇಣುಕಪ್ರಸಾದ


ನ್ಯಾಮತಿ
೨೪ ಜೂನ್ ೨೦೨೪

ರೇಣುಕನಿಗೆ ಅತ್ತೆಯ ಆಶೀರ್ವಾದ. ಮಂಡಿ ಒಂದು ಬಿಟ್ಟರೆ ನನ್ನದೆಲ್ಲ ನೆಟ್ಟಗಿದೆ.

ನಿನ್ನ ಕಾಗದವನ್ನು ನಮ್ಮ ಮುಂದಿನ ಕೋಣೆಗೆ ಬಾಡಿಗೆಗೆ ಬಂದಿರುವ ಟೀಚರ್ ಸಂಧ್ಯಾರಾಣಿಗೂ ಓದಿ ಹೇಳಿದೆ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು ಆ ಹುಡುಗಿಗೆ. ಪ್ರಾಸದ ಕಾಯಿಲೆ ನಿಮ್ಮಪ್ಪನಿಗೂ ಇತ್ತು. ಪಂಕ್ತಿಗೆ ಕೂತರೆ ನಮ್ಮ ನಾಗರಾಜಪ್ಪಣ್ಣ “ಪಾಯಸ ಬಡಿಸಿ, ಆಯಾಸ ಬಿಡಿಸಿ” ಅಂತಿದ್ದ. ಬಡಿಸುವವರಿಗೆ ನಗು ಬಂದು ಪಾಯಸ ಪಕ್ಕದವರ ಎಲೆಗೆ ಬೀಳುತ್ತಿತ್ತು. ಆ ಕಾಯಿಲೆಗೆ ಮಾತ್ರೆ ಇದ್ದರೆ ನಿಮ್ಮ ಕಂಪನಿಯವರನ್ನು ಕೇಳಿ ನೋಡು.

ನನ್ನದು ಗುಂಡಿ ಒತ್ತುವ ಫೋನು. ಅದಕ್ಕೂ ಬರುತ್ತದೆಯೇ? ದುಡ್ಡು ಯಾರದು, ನನ್ನದೋ ಅವರದೋ? ಅವರದಾದರೆ ಸೇರಿಸು. ನಿನ್ನ ಕೆಲಸ ಅಂದ ಮೇಲೆ ಬ್ಯಾಡ ಅನ್ನಲಾ? ಆದರೆ ನಾನು ಮೆಸ್ಸಿನವರಿಗೆ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಕರೆ ಬರಕೂಡದು. ಹಿಟ್ಟಿನ ಕೈಯಲ್ಲಿ ಎತ್ತಿದರೆ ಫೋನಿಗೂ ರೊಟ್ಟಿಯ ಗತಿಯೇ.

ಸೊಸೆ ವಾಣಿಶ್ರೀಗೆ ಕೇಳಿದೆನೆಂದು ಹೇಳು. ಚಟ್ನಿಪುಡಿ ಮಾಡಿಟ್ಟಿದ್ದೇನೆ, ಬಂದಾಗ ಒಯ್ಯಿ.

ಕಸ್ತೂರಮ್ಮ


ಚನ್ನಗಿರಿ
೩೦ ಜುಲೈ ೨೦೨೪

ಅತ್ತೆ,

ದುಡ್ಡು ಅವರದೇ. ರೊಟ್ಟಿಯ ಹೊತ್ತು ಬಿಟ್ಟು, ಸೋಮವಾರ ಮಧ್ಯಾಹ್ನ ಊಟ ಆದ ಮೇಲೆ ಕರೆ ಬರುತ್ತದೆ.

ಅದಕ್ಕೆ ಮೊದಲು ಒಂದು ಕಥೆ ಕೇಳು. ಪ್ರದೀಪನೂ ನಾನೂ ಜಗಳೂರು ದಾಟಿ ಸೊಕ್ಕೆಗೆ ಹೋಗಿದ್ದೆವು, ಜನ ಹೇಗೆ ಉತ್ತರ ಕೊಡುತ್ತಾರೆ ನೋಡಲು. ಕೆಂಪಕ್ಕ ಎಂಬ ಅಜ್ಜಿಯ ಕೈಗೆ ಫೋನ್ ಕೊಟ್ಟೆವು. ಒಳಗಿನಿಂದ ಯಾವುದೋ ಬೆಣ್ಣೆಯಂಥ ದನಿ ಮಾತ್ರೆಯ ವಿಷಯ ಕೇಳಿತು.

“ಯಾರಪ್ಪ ನೀನು? ಯಾವೂರು? ಯಾರ ಮಗ?” ಎಂದಳು ಕೆಂಪಕ್ಕ.

“ಹೌದು ಅಥವಾ ಇಲ್ಲ ಎಂದು ಹೇಳಿ” ಎಂದಿತು ಯಂತ್ರ.

“ಅಪ್ಪನ ಹೆಸರು ಕೇಳಿದ್ರೆ ಹೌದು ಇಲ್ಲ ಅಂತಾನಲ್ಲ ಇವ್ನು!” ಎಂದು ಫೋನನ್ನು ಪ್ರದೀಪನ ಅಂಗೈ ಮೇಲಿಟ್ಟಳು. “ತಗಳಪ್ಪ. ಹೆಸರಿಲ್ದೋನಿಗೆ ನನ್ ಕಾಯಿಲೆ ಹೇಳಾಕಾಗಲ್ಲ.”

ವಾಪಸ್ ಬರುವಾಗ ಬಸ್ಸಿನಲ್ಲಿ ಪ್ರದೀಪ್ ಕೆಂಪಕ್ಕನ ಮಾತನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡ. ಜಗಳೂರು ಬರುವಷ್ಟರಲ್ಲಿ ತೀರ್ಮಾನವಾಯಿತು: ಕೇಳುವ ದನಿಗೆ ಊರು, ಹೆಸರು, ತಂದೆ ಎಲ್ಲ ಇರಬೇಕು. ಇವೆಲ್ಲ ಇದ್ದು, ಪಕ್ಕದ ಸೀಟಿನಲ್ಲೇ ಕೂತು ಕಡಲೆಕಾಯಿ ತಿನ್ನುತ್ತಿದ್ದವನು ನಾನೊಬ್ಬನೇ. ಹಾಗಾಗಿ ಈಗ ಅದು ಹೀಗೆ ಶುರುವಾಗುತ್ತದೆ: “ನಮಸ್ಕಾರ. ನಾನು ಚನ್ನಗಿರಿಯ ರೇಣುಕಪ್ರಸಾದ, ನಾಗರಾಜಪ್ಪನವರ ಮಗ. ಮಾತ್ರೆ ಇದೆಯಾ?” ಕೊನೆಗೆ: “ಗುಳಿಗೆ ಮರೆಯದಿರಿ, ನಗುನಗುತಾ ಇರಿ.”

ಇದು ನಾನಲ್ಲ, ನನ್ನ ದನಿ ಹಿಡಿದಿಟ್ಟ ಯಂತ್ರ, ನೆನಪಿರಲಿ. ನೀನು ಬಾಯಲ್ಲೇ ಉತ್ತರ ಹೇಳಬಹುದು. ನಿನ್ನ ಮಾತೆಲ್ಲ ನಮಗೆ ಮುಟ್ಟುತ್ತದೆ. ಯಾವ ಮಾತಿಗೆ ಏನರ್ಥ ಎಂದು ಯಂತ್ರಕ್ಕೆ ಪಾಠ ಮಾಡಿದವನೂ ನಾನೇ. ಐತೆ, ಅದಾವೆ, ಸಾಕಷ್ಟೈತೆ, ತುಂಬೈತೆ ಅಂದರೆ ಇದೆ. ಇಲ್ಲ, ಖಾಲಿ, ಮುಗೀತು ಅಂದರೆ ಇಲ್ಲ. ನಮ್ಮ ಸೀಮೆಯ ಮಾತು ಒಂದನ್ನೂ ಬಿಟ್ಟಿಲ್ಲ ಎಂದು ಪ್ರದೀಪ್ ಬೆನ್ನು ತಟ್ಟಿದ.

ಇನ್ನು ಮೇಲೆ ನಾನು ಫೋನ್ ಮಾಡಿ ಮಾತ್ರೆ ಮಾತ್ರೆ ಎಂದು ನಿನ್ನ ತಲೆ ತಿನ್ನುವುದಿಲ್ಲ. ನನ್ನ ಬದಲು ಅದು ತಿನ್ನುತ್ತದೆ.

ಊರು ಹೆಸರು ಉಳ್ಳ
ರೇಣುಕ


ನ್ಯಾಮತಿ
೨೬ ಆಗಸ್ಟ್ ೨೦೨೪

ರೇಣುಕನಿಗೆ ಆಶೀರ್ವಾದ.

ಸೋಮವಾರ ತಪ್ಪದೆ ನಿನ್ನ ದನಿ ಬರುತ್ತಿದೆ. ಕಂಪನಿಯ ದುಡ್ಡು ಅಂತ ನಾನೂ ಧಾರಾಳವಾಗಿ ಮಾತಾಡುತ್ತೇನೆ. ಹೀಗಾಗಿ ಕಾಗದದಲ್ಲಿ ಬರೆಯಲು ಏನೂ ಉಳಿಯುವುದಿಲ್ಲ. ಯಂತ್ರ ಅಂತ ಗೊತ್ತು. ಆದರೂ ನೀನು ಆಮೇಲೆ ಕೇಳಿಸಿಕೊಳ್ಳುತ್ತೀಯಲ್ಲ.

ಗೌರಿ ಹಬ್ಬಕ್ಕೆ ಬರುತ್ತೀಯಾ ಅಂತ ಕೇಳಿದ್ದೆ. ನಿನ್ನಿಂದ ಏನೂ ತಿಳಿಯಲಿಲ್ಲ. ಕೆಲಸ ಇರಬಹುದು. ಮನೆಯಲ್ಲಿ ಬೆಲ್ಲ ತುಂಬಿದೆ, ಉಪ್ಪೂ ತುಂಬಿದೆ. ಮಂಡಿ ಮಾತು ಕೇಳಿದರೆ ಸಂತೆಗೆ ಹೋಗಿ ತರಬೇಕು. ಇನ್ನೊಂದು ವಿಷಯ ನಿನ್ನ ಫೋನಿಗೇ ಹೇಳಿದ್ದೇನೆ. ಮರೆಯಬೇಡ.

ಕಸ್ತೂರಮ್ಮ


ಚನ್ನಗಿರಿ
೧೮ ಸೆಪ್ಟೆಂಬರ್ ೨೦೨೪

ಅತ್ತೆ,

ಹಬ್ಬಕ್ಕೆ ಬರಲಾಗಲಿಲ್ಲ. ಬೀದಿಗೊಂದು ಗಣಪತಿ, ಗಣಪತಿಗೊಂದು ಕರಪತ್ರ, ಕರಪತ್ರಕ್ಕೊಂದು ಪ್ರಾಸ. ಅಂಗಡಿಯಿಂದ ತಲೆ ಎತ್ತಲಾಗಲಿಲ್ಲ.

ಒಂದು ಸಂತೋಷದ ಸುದ್ದಿ. ನಮ್ಮ ಕಂಪ್ಯೂಟರಿನಲ್ಲಿ ನಿನ್ನ ಹೆಸರಿನ ಮುಂದೆ ಪ್ರತಿ ವಾರವೂ ಹಸಿರು ಚುಕ್ಕಿ! ಮಾತ್ರೆ ಇದೆ ಎಂದರೆ ಹಸಿರು, ಇಲ್ಲ ಎಂದರೆ ಕೆಂಪು. ಪ್ರದೀಪ್ ಬಂದವರಿಗೆಲ್ಲ ನಿನ್ನ ಸಾಲು ತೋರಿಸಿ “ಕಸ್ತೂರಮ್ಮ ನಮ್ಮ ಸ್ಟಾರ್” ಎನ್ನುತ್ತಾನೆ. ಫೋನಿಗೆ ಏನೋ ಹೇಳಿದ್ದೇನೆ ಎಂದು ಬರೆದಿದ್ದೆಯಲ್ಲ, ಮಾತ್ರೆಯ ವಿಷಯವೇ ಇರಬೇಕು. ಹಸಿರು ಕಂಡೆ, ಹಸನಾದೆ.

ನಿನ್ನ ಕಾಗದ ಯಾಕೆ ದಿನೇ ದಿನೇ ಗಿಡ್ಡವಾಗುತ್ತಿದೆ?

ರೇಣುಕ


ನ್ಯಾಮತಿ
೬ ಅಕ್ಟೋಬರ್ ೨೦೨೪

ರೇಣುಕಪ್ರಸಾದ್ ಸರ್ ಅವರಿಗೆ,

ಸಂಧ್ಯಾರಾಣಿಯ ನಮಸ್ಕಾರ. ಕಸ್ತೂರಮ್ಮನವರನ್ನು ಹೊನ್ನಾಳಿ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಬಿಪಿ ಇಳಿದಿದೆ. ನಲ್ಲಿಯ ಹತ್ತಿರ ಬಿದ್ದಾಗ ಹಣೆಗೆ ಹಾಕಿದ ಹೊಲಿಗೆ ಒಣಗುತ್ತಿದೆ. ಮಾತ್ರೆ ಈಗ ನಾನೇ ಎಣಿಸಿ ಕೊಡುತ್ತಿದ್ದೇನೆ.

ಆ ದಿನ ನಾನು ಫೋನ್ ಮಾಡಿದ ಕೂಡಲೇ ನೀವು ಓಡಿ ಬಂದಿರಿ. ಅಮ್ಮ ನಿಮ್ಮ ಮುಖ ನೋಡದೆ ಗೋಡೆ ಕಡೆ ತಿರುಗಿ, “ಯಾಕ್ ಬಂದ್ಯಪ್ಪ, ಫೋನ್ ಮಾಡ್ತೀಯಲ್ಲ, ಸಾಕು” ಎಂದರು. ನೀವು ಬಸ್ಸು ಹತ್ತುವಾಗಲೂ ಕಾರಣ ಗೊತ್ತಾಗದೆ ನಿಂತಿದ್ದಿರಿ. ಅಮ್ಮನ ಎದುರು ಫೋನಿನಲ್ಲಿ ಹೇಳಲು ಆಗದ್ದರಿಂದ ಬರೆಯುತ್ತಿದ್ದೇನೆ.

ಮಾತ್ರೆ ಮುಗಿದು ಬಹಳ ದಿನವಾಗಿತ್ತು. ನನಗೆ ಗೊತ್ತಾದಾಗ ತಂದುಕೊಡುತ್ತೇನೆ ಎಂದೆ. “ಬ್ಯಾಡ ಕಣೆ, ನಮ್ ಹುಡುಗನಿಗೆ ಹೇಳೀನಿ, ಕಳಿಸ್ತಾನೆ” ಎಂದರು. ಮುಂದಿನ ವಾರ ಕೇಳಿದೆ, ಅದೇ ಉತ್ತರ. ಆಮೇಲೆ ನಾನೂ ಕೇಳಲಿಲ್ಲ. ತಂದಿರಬಹುದು ಅಂದುಕೊಂಡೆ. ಆಸ್ಪತ್ರೆಯಲ್ಲಿ “ಹೋಗ್ಲಿ, ಅವ್ರಿಗೆ ಏನಂತ ಹೇಳಿದ್ರಿ?” ಎಂದು ಕೇಳಿದ್ದಕ್ಕೆ, “ಏನಂತ ಹೇಳ್ತಾರೆ? ಮಾತ್ರೆ ತುಂಬೈತಪ್ಪ ಅಂತ ಹೇಳ್ದೆ. ಒಂದ್ಸಲ ಅಲ್ಲ, ವಾರ ವಾರ ಹೇಳ್ದೆ” ಎಂದರು.

ಸರ್, ನನ್ನ ತವರು ಕರಾವಳಿ. ನನಗೆ ಅರ್ಥವಾಗಲಿಲ್ಲ. ನಿಮಗೆ ಆಗಬಹುದು.

ಸಂಧ್ಯಾರಾಣಿ


ಚನ್ನಗಿರಿ
೧೧ ಅಕ್ಟೋಬರ್ ೨೦೨೪

ಅತ್ತೆ,

ಈ ಕಾಗದವನ್ನು ಓದದೆ ಒಲೆಗೆ ಹಾಕಬೇಡ. ಓದಿ ಹಾಕು.

ಸಂಧ್ಯಾರಾಣಿಯವರ ಕಾಗದ ಓದುವಾಗ ಅಡುಗೆಮನೆಯಿಂದ ವಾಣಿಶ್ರೀ “ಸಕ್ಕರೆ ತುಂಬೈತೆ ಕಣ್ರೀ” ಎಂದು ಕೂಗಿದಳು. ನಾನು ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಮೆಟ್ಟಿದವನು ಹಾಗೇ ಬಾಗಿಲಲ್ಲಿ ನಿಂತುಬಿಟ್ಟೆ. ಮನೆಯ ಸಾಮಾನು ಇಲ್ಲ ಅನ್ನಬಾರದು, ತುಂಬಿದೆ ಅನ್ನಬೇಕು ಎಂದು ನನಗೆ ಕಲಿಸಿದವಳೇ ನೀನು. ಹುಡುಗನಾಗಿದ್ದಾಗ “ಉಪ್ಪು ಖಾಲಿ” ಎಂದಿದ್ದಕ್ಕೆ ಬಾಯಿಗೆ ಬೆರಳಿಂದ ತಟ್ಟಿದ್ದೆ. ಇಷ್ಟು ವರ್ಷ ಆ ಮಾತಿಗೆ ಅಂಗಡಿಗೆ ಹೋಗಿ ಬಂದಿದ್ದೇನೆ. ಯಂತ್ರಕ್ಕೆ ಪಾಠ ಮಾಡಲು ಕೂತಾಗ ಮಾತ್ರ ನನ್ನ ತಲೆ ಬಿ.ಎ. ಪರೀಕ್ಷೆ ಬರೆಯಿತು. ತುಂಬು ಎಂದರೆ ಭರ್ತಿ. ಪೂರ್ಣ ಅಂಕ.

ನಿನ್ನ ಮಾತು ನಮಗೆ ಮುಟ್ಟುತ್ತದೆ ಎಂದು ಬರೆದಿದ್ದೆ. ಮುಟ್ಟಿತ್ತು, ಆದರೆ ಯಾರೂ ಕೇಳಿರಲಿಲ್ಲ. ಯಂತ್ರ ಅದರೊಳಗೆ ಒಂದು ಪದ ಹುಡುಕಿ, ಹಸಿರು ಚುಕ್ಕಿ ಇಟ್ಟು, ಉಳಿದದ್ದನ್ನು ಮೂಲೆಗೆ ಒಟ್ಟಿತ್ತು. ಪ್ರದೀಪನಿಂದ ಅದನ್ನು ತರಿಸಿಕೊಂಡು, ಅಂಗಡಿಯ ಬಾಗಿಲೆಳೆದು ಒಬ್ಬನೇ ಕೇಳಿದೆ. ನಿನ್ನ ಅಪ್ಪಣೆ ಕೇಳಲಿಲ್ಲ. ನನಗೇ ಹೇಳಿದ ಮಾತಲ್ಲವೇ ಎಂದುಕೊಂಡೆ.

ನೀನು: “ರೇಣುಕಾ, ಮಾತ್ರೆ ತುಂಬೈತಪ್ಪ. ನಿಂದು ಊಟ ಆತೇನೋ? ದನಿ ಯಾಕೋ ಸಣ್ಣಗಾಗೈತೆ.”

ನಾನು: “ತುಂಬಾ ಸಂತೋಷ. ಗುಳಿಗೆ ಮರೆಯದಿರಿ, ನಗುನಗುತಾ ಇರಿ.”

ನೀನು: “ನಗುನಗುತಾ ಇರು ಅಂತೀಯಲ್ಲ, ಬಂದು ನಗಿಸೋ.”

ಮತ್ತೊಂದು ವಾರ. ನೀನು: “ತುಂಬಿ ಬಾಳ ದಿನ ಆತು ಕಣೋ. ಸಂಧ್ಯಾ ತರ್ತೀನಿ ಅಂದ್ಲು. ನಾನೇ ಬ್ಯಾಡ ಅಂದೆ. ನನ್ ಹುಡುಗ ಮಾಡಿರೋ ಏರ್ಪಾಡು, ಅವ್ನ ಕೈಲೇ ಬರ್ಲಿ ಅಂತ.”

ನಾನು: “ತುಂಬಾ ಸಂತೋಷ.”

ಕೊನೆಯ ಸೋಮವಾರ ನೀನು ಏನೂ ಮಾತಾಡಿಲ್ಲ. ಉಸಿರು ಮಾತ್ರ ಇದೆ. ನಾನು “ನಿಮ್ಮ ಉತ್ತರ ಕೇಳಿಸಲಿಲ್ಲ” ಎನ್ನುತ್ತೇನೆ. ಆಗ ನೀನು, “ಕೇಳಿಸ್ತಿಲ್ಲ ಅಂತ ನಂಗೂ ಗೊತ್ತಾತು ಬಿಡಪ್ಪ” ಎನ್ನುತ್ತೀಯ.

ನನ್ನ ದನಿ ನನಗೇ ಇಷ್ಟು ಕೆಟ್ಟದಾಗಿ ಎಂದೂ ಕೇಳಿಸಿರಲಿಲ್ಲ ಅತ್ತೆ.

ಪ್ರದೀಪನಿಗೂ ಕೇಳಿಸಿದೆ. ಅವನು ನಿನ್ನ ಮನೆಗೇ ಬಂದು ಕೂತು ನಿಮ್ಮ ಮಾತು ಕೇಳಿ ತಿಳಿಯಬೇಕಂತೆ. ಜೊತೆಗೆ ನಾನು ಬರುವುದಿಲ್ಲ. ನಾನಿದ್ದರೆ ನೀನು ಸಿಟ್ಟಿಗೆ ಸರಿಯಾಗಿ ಮಾತಾಡುವುದಿಲ್ಲ. ಅವನನ್ನು ಸೇರಿಸಿಕೋ. ನನ್ನನ್ನು ಸೇರಿಸಿಕೊಳ್ಳುವುದು ನಿನ್ನ ಇಷ್ಟ.

ಇವತ್ತು ಪ್ರಾಸ ಬರುತ್ತಿಲ್ಲ.

ರೇಣುಕ


ನ್ಯಾಮತಿ
೨೮ ಅಕ್ಟೋಬರ್ ೨೦೨೪

ರೇಣುಕನಿಗೆ,

ಒಲೆಗೆ ಹಾಕಿಲ್ಲ. ನಮ್ಮದು ಗ್ಯಾಸ್.

ಸಿಟ್ಟು ಬಂದಿತ್ತು, ಮುಚ್ಚಿಡುವುದೇನು. ಹುಡುಗ ದೊಡ್ಡವನಾದ, ಅತ್ತೆಯ ಮಾತು ಕಿವಿಗೆ ಬೀಳದಷ್ಟು ದೊಡ್ಡವನಾದ ಅಂದುಕೊಂಡಿದ್ದೆ. ನೀನು ಕೇಳಿಯೂ ಸುಮ್ಮನಿದ್ದೆ ಅಂತ ನೋವಿತ್ತು. ಕೇಳಿಯೇ ಇರಲಿಲ್ಲ ಅಂತ ಗೊತ್ತಾದ ಮೇಲೆ ಆ ನೋವು ಹೋಗಿ ಇನ್ನೊಂದು ಬಂತು. ಅದು ಚಿಕ್ಕದು, ಇರಲಿ.

ನಿನ್ನ ಪ್ರದೀಪ ಬಂದಿದ್ದ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಎರಡು ರೊಟ್ಟಿ ತಿಂದ, ಮೂರನೆಯದಕ್ಕೆ ನಾಚಿಕೊಂಡ. ಎದುರುಮನೆ ಚೌಡಕ್ಕನೂ ಬಂದಿದ್ದಳು.

“ಮಾತ್ರೆ ಇಲ್ಲದೇ ಇದ್ರೆ ಏನಂತೀರಮ್ಮ?” ಅಂದ.

“ಏನೂ ಅನ್ನಲ್ಲ. ಅನ್ನಬಾರ್ದು” ಅಂದಳು ಚೌಡಕ್ಕ.

“ಮುಗೀತು, ತೀರಿತು, ಏನಾದ್ರೂ?”

“ತೀರಿತು ಅನ್ನಾಕೆ ನಮ್ಮನೇಲಿ ಯಾರು ತೀರ್ಕೊಂಡಾರೆ? ದಿನಾ ಜೀವ ಕಾಯೋ ಮಾತ್ರೆಗೆ ಅಂಥ ಮಾತಾಡ್ತಾರಾ? ತುಂಬೈತೆ ಅಂತೀವಿ.”

“ಹಾಗಾದ್ರೆ ನಿಜವಾಗ್ಲೂ ಡಬ್ಬಿ ತುಂಬಿದ್ದಾಗ ಏನಂತೀರಿ?”

“ತುಂಬಿದ್ರೆ ಯಾಕಪ್ಪ ಹೇಳಾಕೆ ಹೋಗ್ತೀವಿ?”

ಪಾಪ, ಹುಡುಗ ತಲೆ ಮೇಲೆ ಕೈ ಇಟ್ಟುಕೊಂಡ. ನನಗೆ ನಗು ತಡೆಯಲಿಲ್ಲ. ಹೊಲಿಗೆ ಹಾಕಿದ ಹಣೆ ಚುರ್ ಅಂದರೂ ನಕ್ಕೆ. ಹಾಗೆ ಹೀಗೆ ಸಂಜೆವರೆಗೆ ಕೂತೆವು. ಅವನೊಂದು ಹೇಳುವುದು, ಚೌಡಕ್ಕ ಮುರಿಯುವುದು. ಸಂಧ್ಯಾರಾಣಿ ಒಂದು ಹೇಳುವುದು, ನಾನು ಮುರಿಯುವುದು. ಕೊನೆಗೆ ಪ್ರದೀಪನೇ, “ಐತಾ ಅಂತ ಕೇಳೋದೇ ಬೇಡ. ತರಬೇಕಾ ಅಂತ ಕೇಳಿದ್ರೆ?” ಅಂದ. ಚೌಡಕ್ಕ ಬಾಯಲ್ಲಿ ಎರಡು ಸಲ ಅಂದು ನೋಡಿದಳು. “ತರಬೇಕಾ? ಹೂಂ, ತಗಂಬಾ. ತರಬೇಕಾ? ಈಗ ಬ್ಯಾಡ. ಇದು ಆಗ್ತೈತೆ ಬಿಡು” ಅಂದಳು. ಅಷ್ಟಕ್ಕೆ ಅವನು ಮೂರನೇ ರೊಟ್ಟಿ ತಿಂದ.

ಒಂದು ಮಾತನ್ನು ಅವನಿಗೆ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ನನ್ನ ಫೋನಿಗೆ ಬರುವ ಆ ನಿನ್ನ ದನಿ ತೆಗೆಸಿಬಿಡು. ಸೊಕ್ಕೆಯ ಕೆಂಪಕ್ಕನಿಗೆ ಇರಲಿ, ಅವಳಿಗೆ ನೀನು ನಾಗರಾಜಪ್ಪನ ಮಗ, ಅಷ್ಟೇ. ನನಗೆ ನೀನು ಅಷ್ಟೇ ಅಲ್ಲ. ನಿನ್ನ ದನಿ ಬಂದರೆ ಹಿಂದೆ ನೀನು ಇರಬೇಕು. ಇಲ್ಲದಿದ್ದರೆ ನಾನು ಮತ್ತೆ ಮಾತಾಡುತ್ತ ಕೂರುತ್ತೇನೆ. ಯಂತ್ರ ಅಂತ ಗೊತ್ತಿದ್ದೂ ಮಾತಾಡುತ್ತೇನೆ. ನನ್ನ ಸ್ವಭಾವ ಅದು.

ಕಸ್ತೂರತ್ತೆ


ಚನ್ನಗಿರಿ
೨೫ ನವೆಂಬರ್ ೨೦೨೪

ಕಸ್ತೂರತ್ತೆಗೆ,

‘ಕಸ್ತೂರತ್ತೆ’ ಎಂದು ಸಹಿ ಹಾಕಿದ್ದೀಯ. ಇಷ್ಟು ದಿನ ಕಸ್ತೂರಮ್ಮ ಇತ್ತು. ಆ ಒಂದು ಪದವನ್ನೇ ಸುಮಾರು ಹೊತ್ತು ನೋಡಿದೆ.

ನೀವೆಲ್ಲ ಕೂತು ಹೇಳಿದ ಹಾಗೇ ಬದಲಾಗಿದೆ. ಈಗ ಎಲ್ಲರನ್ನೂ “ಮಾತ್ರೆ ತರಬೇಕಾ?” ಎಂದೇ ಕೇಳುತ್ತದೆ. ಉತ್ತರ ಏನೇ ಬರಲಿ, ಒಂದು ಪದಕ್ಕಿಂತ ಹೆಚ್ಚು ಮಾತಾಡಿದವರ ಮಾತನ್ನು ಮನುಷ್ಯರೊಬ್ಬರು ಕೂತು ಕೇಳಬೇಕು ಎಂದು ಪ್ರದೀಪ್ ಮೇಲಿನವರ ಹತ್ತಿರ ಜಗಳವಾಡಿ ಒಪ್ಪಿಸಿದ್ದಾನೆ. ಈ ಕಡೆಯದನ್ನು ಕೇಳುವವನು ನಾನು. ಸೊಕ್ಕೆಯ ಕೆಂಪಕ್ಕ ಮೊನ್ನೆ “ತರಬ್ಯಾಡ, ಐತೆ. ನಿಮ್ಮಪ್ಪ ನಾಗರಾಜಪ್ಪ ಚೆನ್ನಾಗವ್ರಾ?” ಎಂದು ಕೇಳಿದ್ದಳು. ಅಪ್ಪ ಹೋಗಿ ಆರು ವರ್ಷವಾಯಿತು ಎಂದು ನಾನೇ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು ಅತ್ತೆ, ಒಮ್ಮೆಯೂ ನೋಡದವರಿಗೆ.

ನಿನ್ನ ಫೋನಿನಿಂದ ನನ್ನ ದನಿ ತೆಗೆಸಿದ್ದೇನೆ. ಅದನ್ನು ಅಳಿಸುವ ಗುಂಡಿಯನ್ನು ಪ್ರದೀಪ್ ನನ್ನ ಕೈಯಲ್ಲೇ ಒತ್ತಿಸಿದ. ಈಗ ಬರುವುದು ಸಂತೇಬೆನ್ನೂರಿನ ಕಲ್ಪನಾ ಎಂಬ ಹುಡುಗಿಯ ದನಿ, ಅಪ್ಪನ ಹೆಸರು ಸಮೇತ. ಅವಳ ಮಾತಿಗೆ ನಾನು ಪ್ರಾಸ ಬರೆದುಕೊಟ್ಟಿಲ್ಲ, ಬೇಡವೆಂದಳು.

ಒಂದು ಕೇಳಲೇ? ನಾನು ನಿಜವಾಗಿ ಫೋನ್ ಮಾಡಿದರೆ ದುಡ್ಡು ಏರುತ್ತದೆ ಎಂದು ಇಟ್ಟುಬಿಡುತ್ತೀಯಾ?

ರೇಣುಕ


ನ್ಯಾಮತಿ
೧೭ ಡಿಸೆಂಬರ್ ೨೦೨೪

ರೇಣುಕನಿಗೆ ಆಶೀರ್ವಾದ. ಬಿಪಿ ಸರಿಯಾಗಿದೆ ಎಂದರು ಡಾಕ್ಟರು. ಈ ಸಲ ಅವರ ಮುಖ ನೋಡಿಕೊಂಡೇ ಕೇಳಿಸಿಕೊಂಡೆ.

ದುಡ್ಡು ಏರುವುದಿಲ್ಲ ಎಂದು ಸಂಧ್ಯಾರಾಣಿಯೂ ಹೇಳಿದಳು. ಇಬ್ಬರು ಹೇಳಿದ ಮೇಲೆ ನಂಬದೆ ಏನು ಮಾಡಲಿ. ಆದರೂ ಫೋನಿನಲ್ಲಿ ನೀನು ಬರೀ ಹೂಂ ಅಂತೀಯ. ಎದುರಿಗೆ ಕೂತರೆ ಮಾತ್ರ ನಿನ್ನ ಬಾಯಿ ಬಿಚ್ಚುತ್ತದೆ, ಅದೂ ಏನಾದರೂ ತಿನ್ನಲು ಕೊಟ್ಟರೆ.

ನಿನ್ನೆ ಆ ಹುಡುಗಿ ಕಲ್ಪನಾಳ ದನಿ ಬಂದಿತ್ತು. ಬಹಳ ಮರ್ಯಾದೆಯ ಹುಡುಗಿ. ಮಾತ್ರೆ ತರಬೇಕಾ ಎಂದಳು. ತಗಂಬಾರಮ್ಮ ಎಂದೆ. ಇವತ್ತು ಬೆಳಿಗ್ಗೆಯೇ ತಂದು ಕೊಟ್ಟುಹೋದರು. ಅವಳ ಹತ್ತಿರ ಬೇರೆ ಏನೂ ಮಾತಾಡಲಿಲ್ಲ. ಅಷ್ಟು ಹೇಳಿ ಇಟ್ಟುಬಿಟ್ಟೆ.

ಉಳಿದದ್ದೆಲ್ಲ ನಿನಗೆ ಇಟ್ಟಿದ್ದೇನೆ. ಶನಿವಾರ ಅಂಗಡಿಯನ್ನು ವಾಣಿಶ್ರೀಗೆ ಒಪ್ಪಿಸಿ ಮೊದಲ ಬಸ್ಸಿಗೆ ಬಾ.

ಕಸ್ತೂರತ್ತೆ